ಕುಲುಮೆಯ ಗುಟ್ಟು: ಹಲಗೂರು ಪಾಂಚಾಳರ ಪ್ರಸಂಗ ಮತ್ತು ರಹಸ್ಯ ಸಂಘಗಳ ಪುರಾಣ

ರಹಸ್ಯ ಸಂಘಗಳ ಅಧ್ಯಯನದಲ್ಲಿ ಎರಡು ಸ್ತರಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಒಂದು, ದಾಖಲೆಗಳಿಂದ ತಿಳಿದುಬರುವ ಸಂಸ್ಥೆಯ ಚರಿತ್ರೆ. ಮತ್ತೊಂದು, ಆ ಸಂಸ್ಥೆಯನ್ನು ಆವರಿಸಿ ಬೆಳೆದ ಪುರಾಣ. ಪಶ್ಚಿಮದ ಫ್ರೀಮೇಸನ್ ಸಂಘ ಇದಕ್ಕೆ ತಕ್ಕ ನಿದರ್ಶನ. ಅದರ ಲಂಡನ್ ಕೇಂದ್ರ ಸಂಸ್ಥೆ 1717ರಲ್ಲಿ ಹುಟ್ಟಿತೆಂಬುದು ಸಾಂಪ್ರದಾಯಿಕ ನಂಬಿಕೆ. 1723ರಲ್ಲಿ ಜೇಮ್ಸ್ ಆಂಡರ್ಸನ್ ಪ್ರಕಟಿಸಿದ ನಿಯಮಗ್ರಂಥವಾದರೋ ಕಲ್ಲುಕುಟಿಗರ ವಿದ್ಯೆಯನ್ನು ಆದಿಮಾನವ ಆದಮನವರೆಗೆ ಒಯ್ದಿತು. ಆಡಂ ವೈಸ್‌ಹೌಪ್ಟ್ 1776ರಲ್ಲಿ ಸ್ಥಾಪಿಸಿದ ಇಲ್ಯುಮಿನಾಟಿ ಸಂಘವು ಬವೇರಿಯಾ ಸರ್ಕಾರದ ನಿಷೇಧದಿಂದ ಹತ್ತು ವರ್ಷಗಳೊಳಗೆ ಅಡಗಿತು. ಆದರೆ 1797ರಲ್ಲಿ ಬಾರ್ಯುಯೆಲ್ ಎಂಬ ಪಾದ್ರಿ ಫ್ರಾನ್ಸಿನ ಕ್ರಾಂತಿಗೆ ಇಂತಹ ಸಂಘಗಳ ಸಂಚೇ ಕಾರಣವೆಂದು ಬರೆದನು. ಸಂಸ್ಥೆ ಅಳಿದರೂ ಅದರ ಪುರಾಣ ಉಳಿಯಿತು.

ಕಸುಬಿನ ಗುಟ್ಟನ್ನು ಕೇಂದ್ರವಾಗುಳ್ಳ ಇಂತಹುದೇ ಕಥನವೊಂದು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಅಂಟಿಕೊಂಡಿದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ, ಗುರುವು ಶಿಷ್ಯ ಸಿದ್ಧಪ್ಪಾಜಿಯನ್ನು ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಕಳುಹಿಸುತ್ತಾನೆ. ಪಾಂಚಾಳರು ಕೊಡಲೊಪ್ಪದೆ ಅವನನ್ನು ಪರೀಕ್ಷೆಗೆ ಒಡ್ಡುತ್ತಾರೆ. ವಿಷವುಣ್ಣುವುದು, ಕಾಯ್ದ ಕಬ್ಬಿಣವನ್ನು ಹಿಡಿಯುವುದು ಮೊದಲಾದ ಪವಾಡಗಳಲ್ಲಿ ಗೆದ್ದು ಅವನು ಭಿಕ್ಷೆ ಪಡೆಯುತ್ತಾನೆ.

ಈ ಕಥನಕ್ಕೆ ಭೌತಿಕ ಹಿನ್ನೆಲೆಯೂ ಇದೆ. ಮೈಸೂರು ಸೀಮೆಯ ಕಬ್ಬಿಣ, ಉಕ್ಕುಗಳ ತಯಾರಿಕೆಯನ್ನು ಫ್ರಾನ್ಸಿಸ್ ಬುಕಾನನ್ 1800-01ರ ಪ್ರವಾಸದಲ್ಲಿ ಕಂಡು ದಾಖಲಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ಕಟ್ಟಿಗೆಯ ಚೂರುಗಳನ್ನಿಟ್ಟು, ಬಾಯಿ ಮುಚ್ಚಿ ಕಾಯಿಸಿದರೆ ಇಂಗಾಲ ಸೇರಿ ಉಕ್ಕಾಗುತ್ತದೆ. ಬರಹಕ್ಕಿಳಿಯದೆ ಕೈಯಿಂದ ಕೈಗೆ ದಾಟಿದ ಇಂತಹ ವಿದ್ಯೆಯನ್ನು ಹೊರಗಿನವರು ಗುಟ್ಟೆಂದು ಕಂಡದ್ದು ಸಹಜ. ದಕ್ಷಿಣ ಭಾರತದ ಉಕ್ಕು ‘ವೂಟ್ಜ್’ ಎಂಬ ಹೆಸರಿನಿಂದ 1795ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಚರ್ಚೆಗೆ ಬಂದಿತು. ಮುಂದೆ ಮೈಕೇಲ್ ಫ್ಯಾರಡೆಯೂ ಅದನ್ನು ಪರೀಕ್ಷಿಸಿದನು.

ಫ್ರೀಮೇಸನ್ನರ ಐತಿಹ್ಯದಲ್ಲಿ ಸೊಲೊಮನ್ನನ ದೇವಾಲಯದ ಶಿಲ್ಪಿ ಹೀರಮನು ಗುಟ್ಟನ್ನು ಬಿಟ್ಟುಕೊಡದೆ ಕೊಲೆಯಾಗುತ್ತಾನೆ. ಅಲ್ಲಿ ಬಚ್ಚಿಟ್ಟವನೇ ನಾಯಕ. ಹಲಗೂರು ಪ್ರಸಂಗದಲ್ಲಿ ಬೇಡಬಂದವನು ನಾಯಕ, ಬಚ್ಚಿಟ್ಟವರು ಪ್ರತಿನಾಯಕರು. ಮೊದಲನೆಯದನ್ನು ಹೇಳುವವರು ಸಂಘದ ಒಳಗಿನವರು. ಎರಡನೆಯದನ್ನು ಹಾಡುವವರು ಕುಲುಮೆಯ ಹೊರಗೆ ನಿಂತ, ಬಹುಮಟ್ಟಿಗೆ ತಳಸಮುದಾಯಗಳಿಂದ ಬಂದ ನೀಲಗಾರರು. ಆದರೆ ಸಿದ್ಧಪ್ಪಾಜಿಯು ಪೂರ್ವಾಶ್ರಮದಲ್ಲಿ ಆಚಾರಿ ಮನೆತನದ ಕೆಂಪಾಚಾರಿ ಎಂಬುದನ್ನು ಮರೆಯಲಾಗದು. ಕುಲದ ವಿದ್ಯೆಗೂ ಗುರುವಿನ ಪಂಥಕ್ಕೂ ನಡುವಣ ತಿಕ್ಕಾಟ ಅವನೊಬ್ಬನಲ್ಲಿಯೇ ಸಂಧಿಸಿದೆ.

ನೀಲಗಾರರಾಗಲು ದೀಕ್ಷೆ ಬೇಕು. ಆ ಮಟ್ಟಿಗೆ ಅದೂ ಒಳಹೊರಗುಗಳುಳ್ಳ ಪರಂಪರೆ. ಆದರೆ ದೀಕ್ಷೆ ಪಡೆದವನ ಕರ್ತವ್ಯ ಮೌನವಲ್ಲ, ಹಾಡು. ತಂಬೂರಿ, ಗಗ್ಗರಗಳೊಡನೆ ಮನೆಯಂಗಳದಲ್ಲಿಯೂ ಚಿಕ್ಕಲ್ಲೂರಿನ ಜಾತ್ರೆಯಲ್ಲಿಯೂ ಎಲ್ಲರ ಕಿವಿಗೆ ಬೀಳುವಂತೆ ಹಾಡುವ ಪಂಥವನ್ನು ರಹಸ್ಯ ಸಂಘವೆಂದು ಕರೆಯುವುದು ಸಲ್ಲದು. ಕಸುಬನ್ನು ಮನೆತನದೊಳಗೆ ಕಾಪಾಡಿಕೊಂಡ ಪಾಂಚಾಳರಿಗೂ ಆ ಹೆಸರು ಹೊಂದದು.

ಕಾವ್ಯವನ್ನು ನೇರವಾಗಿ ಚರಿತ್ರೆಯೆಂದು ಓದಿದರೆ, ಇಂದಿಗೂ ಬದುಕಿರುವ ಕುಶಲಕರ್ಮಿ ಸಮುದಾಯವೊಂದರ ತಲೆಗೆ ಪುರಾಣದ ಅಪವಾದವನ್ನು ಕಟ್ಟಿದಂತಾಗುತ್ತದೆ. ಬಾರ್ಯುಯೆಲ್‌ನ ಓದುಗರು ಮಾಡಿದ್ದೂ ಇದನ್ನೇ. ಕಬ್ಬಿಣವಿದ್ದವರನ್ನು ಇಲ್ಲದವರು ಹೇಗೆ ಕಂಡರೆಂಬುದಕ್ಕೆ ಹಲಗೂರು ಪ್ರಸಂಗ ಬಲವಾದ ಸಾಕ್ಷಿ. ಕಬ್ಬಿಣವಿದ್ದವರು ಹೇಗಿದ್ದರೆಂಬುದಕ್ಕೆ ಕುಲುಮೆಯ ಕಡೆಯ ಮಾತನ್ನೂ ಸಂಗ್ರಹಿಸಬೇಕಾಗುತ್ತದೆ.