ಮನೆ ಕೊಂಡರೆ ದೇಶವೂ ಸಿಗುವುದೇ?

ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಕೊಂಡವರಿಗೆ ಏನೇನು ಸಿಗುತ್ತದೆ? ಕ್ರಯಪತ್ರ ಸಿಗುತ್ತದೆ. ನಾಲ್ಕಾರು ಸಲ ಓಡಾಡಿದರೆ ಖಾತೆಯೂ ಸಿಗುತ್ತದೆ. ವರ್ಷ ವರ್ಷವೂ ಕಂದಾಯ ಕಟ್ಟುವ ಭಾಗ್ಯವಂತೂ ತಪ್ಪದೆ ಸಿಗುತ್ತದೆ. ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಮನೆ ಕೊಂಡ ಪರದೇಶದವರಿಗೆ ಇವುಗಳ ಜೊತೆಗೆ ಇನ್ನೊಂದು ವಸ್ತು ಸಿಗಬಹುದು. ಮನೆಯ ಬೆಲೆ ಸರ್ಕಾರ ಗೊತ್ತುಮಾಡಿದ ಮೊತ್ತವನ್ನು ಮುಟ್ಟಿದ್ದರೆ, ಐದು ವರ್ಷ ಆ ದೇಶದಲ್ಲಿ ವಾಸಿಸಬಹುದು ಎಂಬ ಒಪ್ಪಿಗೆಯ ಕಾರ್ಡು ಅದು. ಅದಕ್ಕೆ ‘ಗೋಲ್ಡನ್ ವೀಸಾ’ ಎಂಬ ಹೊಳೆಯುವ ಹೆಸರು.

ಇಂಥ ಕಾರ್ಡುಗಳ ಜಾಹೀರಾತು ಈಗ ನಮ್ಮ ಊರುಗಳಿಗೂ ಬಂದಿದೆ. ಅಲ್ಲಿ ಮನೆ ಕೊಳ್ಳಿ, ಮಕ್ಕಳ ಭವಿಷ್ಯ ಭದ್ರವಾಗುತ್ತದೆ ಎಂಬುದು ಅವುಗಳ ಸಾರಾಂಶ. ಪಿಯುಸಿ ಮುಗಿಸುತ್ತಿರುವ ಮಗನೋ ಮಗಳೋ ಇರುವ ಮನೆಯಲ್ಲಿ ಈ ಮಾತು ಬೇಗ ನಾಟುತ್ತದೆ. ಸೈಟೊಂದನ್ನು ಮಾರಿದರೆ ಹೇಗೆ, ತೋಟದ ಒಂದು ಭಾಗ ಕೊಟ್ಟರೆ ಹೇಗೆ ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದಿದ್ದಾರೆ ಹಿರಿಯರು. ಜಾಹೀರಾತಿನಲ್ಲಿ ಕಂಡದ್ದನ್ನು ಎರಡು ಸಲ ಪರಾಂಬರಿಸುವುದು ಒಳ್ಳೆಯದು.

ಮೂರು ಮಾತು, ಮೂರು ಅರ್ಥ

ಉಷ್ಣ ಬೇರೆ, ತಾಪ ಬೇರೆ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ಪರೀಕ್ಷೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುವವರು ಇದ್ದೇ ಇರುತ್ತಾರೆ. ವಾಸದ ಅನುಮತಿ, ಕಾಯಂ ವಾಸ, ಪೌರತ್ವ ಎಂಬ ಮೂರು ಮಾತುಗಳಿಗೂ ಇದೇ ಗತಿಯಾಗಿದೆ.

ವಾಸದ ಅನುಮತಿ ಎಂದರೆ ಇಂತಿಷ್ಟು ಕಾಲ, ಇಂಥ ಷರತ್ತಿನ ಮೇಲೆ ನಮ್ಮ ನೆಲದಲ್ಲಿ ಇರಬಹುದು ಎಂಬ ಒಪ್ಪಿಗೆ. ಷರತ್ತು ತಪ್ಪಿದರೆ ಅನುಮತಿ ಹೋಯಿತು. ಕಾಯಂ ವಾಸದಲ್ಲಿ ಈ ಹಗ್ಗ ಸಾಕಷ್ಟು ಸಡಿಲ. ಆದರೆ ಅಲ್ಲಿಯೂ ನೀವು ಆ ದೇಶದ ಪ್ರಜೆಯಲ್ಲ. ನಿಮ್ಮ ಪಾಸ್‌ಪೋರ್ಟು ಭಾರತದ್ದೇ. ಪೌರತ್ವ ಎಂದರೆ ಆ ದೇಶದ ಪ್ರಜೆಯೇ ಆಗಿಬಿಡುವುದು. ಅಲ್ಲಿಯ ಪಾಸ್‌ಪೋರ್ಟು, ಅಲ್ಲಿಯ ಮತ, ಅಲ್ಲಿಯ ಕರ್ತವ್ಯ ಎಲ್ಲವೂ ಅದರೊಂದಿಗೆ ಬರುತ್ತವೆ. ಮನೆ ಕೊಂಡವರಿಗೆ ಯೂರೋಪಿನ ದೇಶಗಳು ಹೆಚ್ಚಾಗಿ ಕೊಡುತ್ತ ಬಂದದ್ದು ಮೊದಲನೆಯದನ್ನು. ಮಾರುವವರ ಬಾಯಲ್ಲಿ ಅದು ಎಷ್ಟೋ ಸಲ ಮೂರನೆಯದರಂತೆ ಕೇಳಿಸುತ್ತದೆ.

ಕಬ್ಬಿನ ದ್ವೀಪದ ಉಪಾಯ

ಈ ವ್ಯಾಪಾರದ ಮೂಲ ಹುಡುಕುತ್ತ ಹೋದರೆ ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ಪುಟ್ಟ ದೇಶಕ್ಕೆ ಬರುತ್ತೇವೆ. ಎರಡು ದ್ವೀಪ ಸೇರಿ 261 ಚದರ ಕಿಲೋಮೀಟರು. ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಿಂದ ಸ್ವತಂತ್ರವಾದಾಗ ಅದಕ್ಕೆ ಆಧಾರವಾಗಿದ್ದದ್ದು ಕಬ್ಬು, ಸಕ್ಕರೆ. ಮರುವರ್ಷ, 1984ರಲ್ಲೇ, ದೇಶದಲ್ಲಿ ಬಂಡವಾಳ ಹೂಡಿದವರಿಗೆ ಪೌರತ್ವ ಕೊಡುವ ಕಾನೂನನ್ನು ಅದು ಮಾಡಿಕೊಂಡಿತು. ಸರ್ಕಾರಿ ಸಕ್ಕರೆ ಉದ್ಯಮ 2005ರಲ್ಲಿ ಮುಚ್ಚಿದ ಮೇಲಂತೂ ಇದು ದೊಡ್ಡ ವರಮಾನವಾಯಿತು. ಡೊಮಿನಿಕಾ 1993ರಲ್ಲಿ ಇದೇ ದಾರಿ ಹಿಡಿಯಿತು. ಸುತ್ತಲಿನ ದ್ವೀಪಗಳು ಹಿಂಬಾಲಿಸಿದವು.

ಚಿಕ್ಕ ದೇಶ, ಮಾರಲು ಬೇರೇನೂ ಇಲ್ಲ. ಇದ್ದದ್ದನ್ನು ಮಾರಿತು ಎನ್ನಬಹುದು. ಆದರೆ ಕೊಂಡವರು ಒಂದು ಸಂಗತಿಯನ್ನು ತಡವಾಗಿ ಅರಿತರು. ಪಾಸ್‌ಪೋರ್ಟಿನ ಬೆಲೆ ಇರುವುದು ಅದನ್ನು ಕೊಡುವವರ ಕೈಯಲ್ಲಷ್ಟೇ ಅಲ್ಲ, ಅದನ್ನು ನೋಡಿ ಒಳಗೆ ಬಿಡುವವರ ಕೈಯಲ್ಲೂ ಇದೆ. ಸೇಂಟ್ ಕಿಟ್ಸ್ ಪ್ರಜೆಗಳು ವೀಸಾ ಇಲ್ಲದೆ ಕೆನಡಾಕ್ಕೆ ಹೋಗಬಹುದಾಗಿತ್ತು. ಪಾಸ್‌ಪೋರ್ಟು ಕೊಡುವ ರೀತಿಯ ಬಗ್ಗೆ ಶಂಕೆ ಬಂದು ಕೆನಡಾ 2014ರ ನವೆಂಬರ್‌ನಲ್ಲಿ ಆ ಸೌಲಭ್ಯವನ್ನು ರದ್ದು ಮಾಡಿತು. ಡೊಮಿನಿಕಾ ಪ್ರಜೆಗಳಿಗೆ ಬ್ರಿಟನ್ 2023ರ ಜುಲೈನಲ್ಲಿ ವೀಸಾ ಕಡ್ಡಾಯ ಮಾಡಿತು. ಹಣ ಕೊಟ್ಟು ಕೊಂಡವರ ಜೊತೆಗೆ ಆ ನೆಲದಲ್ಲೇ ಹುಟ್ಟಿದ ಪಾಪದ ಜನರೂ ಇದರ ಫಲ ಉಣ್ಣಬೇಕಾಯಿತು.

ಸಾಲದಲ್ಲಿ ಮುಳುಗಿದ ಯೂರೋಪು

2008ರ ಆರ್ಥಿಕ ಕುಸಿತದ ನಂತರ ದಕ್ಷಿಣ ಯೂರೋಪಿನ ದೇಶಗಳು ಸಾಲದಲ್ಲಿ ಮುಳುಗಿದವು. ಕಟ್ಟಿದ ಮನೆಗಳನ್ನು ಕೊಳ್ಳುವವರಿಲ್ಲ, ಖಜಾನೆಯಲ್ಲಿ ಹಣವಿಲ್ಲ. ಆಗ ಪೋರ್ಚುಗಲ್ 2012ರಲ್ಲಿ, ಸ್ಪೇನ್ ಮತ್ತು ಗ್ರೀಸ್ 2013ರಲ್ಲಿ ಮನೆ ಕೊಂಡವರಿಗೆ ವಾಸದ ಅನುಮತಿ ಕೊಡಲು ಮುಂದಾದವು. ಮೊದಲೆರಡು ದೇಶಗಳಲ್ಲಿ 5 ಲಕ್ಷ ಯೂರೋ, ಗ್ರೀಸಿನಲ್ಲಿ ಎರಡೂವರೆ ಲಕ್ಷ ಯೂರೋ. ಪೋರ್ಚುಗಲ್‌ನಲ್ಲಿ ವರ್ಷಕ್ಕೆ ಸರಾಸರಿ ಏಳು ದಿನ ಇದ್ದರೂ ಸಾಕಾಗಿತ್ತು.

ಹಣ ಬಂತು, ಮನೆಗಳು ಮಾರಾಟವಾದವು. ಜೊತೆಗೇ ಬೆಲೆಗಳೂ ಏರಿದವು. ಬೆಲೆ ಏರಿಕೆಗೆ ಪ್ರವಾಸೋದ್ಯಮ, ಕಡಿಮೆ ಬಡ್ಡಿದರ ಮುಂತಾದ ಕಾರಣಗಳೂ ಇದ್ದವು. ಎಲ್ಲವನ್ನೂ ಗೋಲ್ಡನ್ ವೀಸಾದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಲಿಸ್ಬನ್‌ನಲ್ಲಿ ಹುಟ್ಟಿ ಬೆಳೆದ ಶಿಕ್ಷಕನಿಗೋ ದಾದಿಗೋ ಅದೇ ಊರಿನಲ್ಲಿ ಬಾಡಿಗೆ ಮನೆ ಎಟುಕದಂತಾದಾಗ, ಬೀಗ ಹಾಕಿಕೊಂಡು ನಿಂತ ಪರದೇಶಿಯ ಮನೆ ಕಣ್ಣು ಕುಕ್ಕದೆ ಇರುವುದೇ? ಪೋರ್ಚುಗಲ್ 2023ರ ಅಕ್ಟೋಬರ್‌ನಲ್ಲಿ ಮನೆ ಖರೀದಿಯ ದಾರಿಯನ್ನು ಮುಚ್ಚಿತು. ಸ್ಪೇನಿನ ಪ್ರಧಾನಿ ಪೆದ್ರೊ ಸಾಂಚೆಸ್ 2024ರ ಏಪ್ರಿಲ್‌ನಲ್ಲಿ, ಇಂಥ ನೂರು ವೀಸಾಗಳಲ್ಲಿ 94 ಮನೆ ಖರೀದಿಗೆ ಸಂಬಂಧಿಸಿದವು ಎಂದು ಲೆಕ್ಕ ಕೊಟ್ಟರು; ಮನೆ ಹಕ್ಕಾಗಿರಬೇಕೇ ಹೊರತು ಸಟ್ಟಾ ವ್ಯಾಪಾರವಾಗಬಾರದು ಎಂಬುದು ಅವರ ವಾದ. 2025ರ ಏಪ್ರಿಲ್ 3ರಂದು ಅಲ್ಲಿಯ ಯೋಜನೆ ಮುಗಿಯಿತು.

ಪೌರತ್ವವನ್ನೇ ಮಾರಿದವರ ಕಥೆ ಇನ್ನೂ ಗಂಭೀರ. ಸೈಪ್ರಸ್ ಸುಮಾರು 20 ಲಕ್ಷ ಯೂರೋ ಹೂಡಿದವರಿಗೆ ಪೌರತ್ವ ಕೊಡುತ್ತಿತ್ತು. ಅಕ್ರಮಗಳನ್ನು ಗುಪ್ತ ಕ್ಯಾಮೆರಾದಲ್ಲಿ ಹಿಡಿದ ಅಲ್ ಜಜೀರಾ ವರದಿಯ ಬೆನ್ನಲ್ಲೇ, 2020ರ ನವೆಂಬರ್ 1ರಿಂದ ಯೋಜನೆ ರದ್ದಾಯಿತು. ಆಮೇಲೆ ಹಲವರಿಗೆ ಕೊಟ್ಟಿದ್ದ ಪೌರತ್ವವನ್ನೇ ಹಿಂದಕ್ಕೆ ಪಡೆಯಲಾಯಿತು. ಮಾಲ್ಟಾದ ಯೋಜನೆ ಕಾನೂನಿಗೆ ವಿರುದ್ಧ ಎಂದು 2025ರ ಏಪ್ರಿಲ್ 29ರಂದು ಯೂರೋಪು ಒಕ್ಕೂಟದ ನ್ಯಾಯಾಲಯ ತೀರ್ಪಿತ್ತಿತು. ಪೌರತ್ವವನ್ನು ಬರೀ ವ್ಯವಹಾರವಾಗಿಸುವುದು ಸಲ್ಲದು ಎಂಬುದು ಆ ತೀರ್ಪಿನ ತಿರುಳು.

ತೆರೆದಿರುವ ಬಾಗಿಲುಗಳು

ಗ್ರೀಸಿನ ಬಾಗಿಲು ಇನ್ನೂ ತೆರೆದಿದೆ, ಆದರೆ ಹೊಸ್ತಿಲು ಎತ್ತರವಾಗಿದೆ. 2024ರ ಸೆಪ್ಟೆಂಬರ್‌ನಿಂದ ಅಥೆನ್ಸ್ ಇರುವ ಅಟ್ಟಿಕಾ, ಥೆಸಲೊನೀಕಿ, ಸಾಂಟೊರಿನಿ ಮತ್ತು ದೊಡ್ಡ ದ್ವೀಪಗಳಲ್ಲಿ ಕನಿಷ್ಠ ಬೆಲೆ 8 ಲಕ್ಷ ಯೂರೋ. ಉಳಿದೆಡೆ 4 ಲಕ್ಷ. ಹಳೆಯ ಎರಡೂವರೆ ಲಕ್ಷದ ದರ ಉಳಿದಿರುವುದು, ಕಚೇರಿ ಅಂಗಡಿಗಳಂಥ ಕಟ್ಟಡವನ್ನು ವಾಸದ ಮನೆಯಾಗಿ ಮಾರ್ಪಡಿಸಿದಾಗ ಅಥವಾ ಪಾರಂಪರಿಕ ಕಟ್ಟಡವನ್ನು ಜೀರ್ಣೋದ್ಧಾರ ಮಾಡಿದಾಗ ಮಾತ್ರ. ಕೊಂಡ ಮನೆಯನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡುವಂತಿಲ್ಲ; ಕೊಟ್ಟರೆ 50,000 ಯೂರೋ ದಂಡ, ಜೊತೆಗೆ ಅನುಮತಿಯೂ ರದ್ದು. ಮನೆ ಮಾರಿದರೆ ಕಾರ್ಡಿನ ನವೀಕರಣ ಇಲ್ಲ. ಈ ಕಾರ್ಡು ಹಿಡಿದು ಅಲ್ಲಿ ಸಂಬಳದ ಕೆಲಸಕ್ಕೆ ಸೇರುವಂತೆಯೂ ಇಲ್ಲ. ಪೌರತ್ವ ಬೇಕೆಂದರೆ ನಿಜವಾಗಿ ಏಳು ವರ್ಷ ಅಲ್ಲಿ ವಾಸಿಸಿ, ಗ್ರೀಕ್ ಭಾಷೆ ಕಲಿತು, ಪರೀಕ್ಷೆ ಪಾಸಾಗಬೇಕು.

ಟರ್ಕಿ ಪೌರತ್ವವನ್ನೇ ಕೊಡುತ್ತದೆ. ಅದರ ದರ ನಮ್ಮ ಈರುಳ್ಳಿ ದರದಂತೆ ಏರಿಳಿದಿದೆ: 2017ರಲ್ಲಿ 10 ಲಕ್ಷ ಡಾಲರ್, 2018ರಲ್ಲಿ ಎರಡೂವರೆ ಲಕ್ಷ, 2022ರಿಂದ 4 ಲಕ್ಷ. ಮನೆಯನ್ನು ಮೂರು ವರ್ಷ ಮಾರುವಂತಿಲ್ಲ.

ಕನ್ನಡಿಗರಿಗೆ, ಅದರಲ್ಲೂ ಕರಾವಳಿಯವರಿಗೆ, ಹತ್ತಿರದ ಉದಾಹರಣೆ ದುಬೈ. ಅಲ್ಲಿ 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಉಳ್ಳವರಿಗೆ ಹತ್ತು ವರ್ಷದ ವಾಸದ ಅನುಮತಿ ದೊರೆಯುತ್ತದೆ. ಕೆಲಸ ಹೋದರೆ ಊರಿಗೆ ಮರಳಲೇಬೇಕಾದ ಆತಂಕ ಇದರಿಂದ ತಪ್ಪುತ್ತದೆ. ದಶಕಗಳಿಂದ ಅಲ್ಲೇ ದುಡಿಯುತ್ತಿರುವ ಕುಟುಂಬಕ್ಕೆ ಅದು ಸಣ್ಣ ಲಾಭವಲ್ಲ. ಆದರೆ ಅದು ಪೌರತ್ವದ ಮೊದಲ ಮೆಟ್ಟಿಲಲ್ಲ ಎಂಬುದು ನೆನಪಿರಲಿ.

ನಮ್ಮ ಕಾನೂನು ಏನೆನ್ನುತ್ತದೆ?

ಮೊದಲು ಹಣದ ವಿಷಯ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬ ನಿವಾಸಿ ಒಂದು ಆರ್ಥಿಕ ವರ್ಷದಲ್ಲಿ ಹೊರದೇಶಕ್ಕೆ ಕಳುಹಿಸಬಹುದಾದ ಮೊತ್ತ ಎರಡೂವರೆ ಲಕ್ಷ ಡಾಲರ್. ಗಂಡ ಹೆಂಡತಿ ಇಬ್ಬರೂ ಸೇರಿದರೂ 5 ಲಕ್ಷ ಡಾಲರ್. ಅಥೆನ್ಸಿನ 8 ಲಕ್ಷ ಯೂರೋಗೆ ಅದು ಸಾಲದು. ಆಸ್ತಿ ಖರೀದಿಗೆ ಹೀಗೆ ಕಳುಹಿಸಲು ಇಲ್ಲಿಯ ಬ್ಯಾಂಕು ಸಾಲ ಕೊಡುವಂತಿಲ್ಲ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇ 20ರಷ್ಟು ತೆರಿಗೆಯನ್ನು ಬ್ಯಾಂಕು ಮೊದಲೇ ವಸೂಲು ಮಾಡುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಹೊಂದಾಣಿಕೆಯಾಗುತ್ತದಾದರೂ ಅಲ್ಲಿಯವರೆಗೆ ಕೈಯಲ್ಲಿ ಹಣವಿರಬೇಕು. ಹೊರದೇಶದ ಆಸ್ತಿಯನ್ನು ಪ್ರತಿವರ್ಷ ಆದಾಯ ತೆರಿಗೆ ವಿವರದಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಎರಡನೆಯದು ಇನ್ನೂ ಮುಖ್ಯ. ಭಾರತ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ, 1955ರ ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್ ಪ್ರಕಾರ, ಅಲ್ಲಿಗೆ ಮುಗಿಯುತ್ತದೆ. ವಾಸದ ಅನುಮತಿಯಿಂದ ಹೀಗಾಗುವುದಿಲ್ಲ. ಮೊದಲನೆಯದು ಮಂಜುಗಡ್ಡೆ ನೀರಾದಂತೆ, ಬೇಕೆಂದಾಗ ಮರಳಿ ಗಟ್ಟಿಯಾಗಬಹುದು. ಎರಡನೆಯದು ಕಾಗದ ಸುಟ್ಟಂತೆ, ಸುಲಭಕ್ಕೆ ಮೊದಲಿನಂತಾಗದು. 2022ರ ಒಂದೇ ವರ್ಷದಲ್ಲಿ 2,25,620 ಮಂದಿ ಭಾರತೀಯ ಪೌರತ್ವ ತೊರೆದರೆಂದು ಸರ್ಕಾರ ಸಂಸತ್ತಿಗೆ ತಿಳಿಸಿದೆ. ಅಂಥವರಿಗೆ ಓಸಿಐ ಕಾರ್ಡಿನ ಅನುಕೂಲ ಉಂಟು. ಆದರೆ ಆ ಕಾರ್ಡಿನಿಂದ ಮತ ಹಾಕಲಾಗದು, ಕೃಷಿ ಜಮೀನು ಕೊಳ್ಳಲಾಗದು. ಹಳ್ಳಿಯಲ್ಲಿ ಹೊಲ ತೋಟ ಉಳ್ಳ ಮನೆತನಗಳು ಇದನ್ನು ಕೂತು ಯೋಚಿಸಬೇಕು.

ವಿದ್ಯಾರ್ಥಿಗೆ ಬೇಕಾದ್ದು ಮನೆಯೇ?

ಮಕ್ಕಳ ಓದಿಗಾಗಿ ಎಂಬ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ಗ್ರೀಸಿನ ಕಾರ್ಡಿದ್ದವರು ಷೆಂಗೆನ್ ಕೂಟದ ಇತರ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅಂದರೆ ಮಗಳು ಜರ್ಮನಿಯಲ್ಲಿ ಎಂಜಿನಿಯರಿಂಗ್ ಓದಬೇಕೆಂದರೆ, ಅಪ್ಪ ಅಥೆನ್ಸಿನಲ್ಲಿ ಮನೆ ಕೊಂಡಿದ್ದರೂ ಅವಳು ಜರ್ಮನಿಯ ಅನುಮತಿಯನ್ನು ಬೇರೆಯಾಗಿಯೇ ಪಡೆಯಬೇಕು.

ಆ ಅನುಮತಿಗೆ ಏನು ಬೇಕು? ಪ್ರವೇಶಪತ್ರ, ಭಾರತದ ಅಂಕಪಟ್ಟಿಗಳನ್ನು ಪರಿಶೀಲಿಸಿದ ಎಪಿಎಸ್ ಪ್ರಮಾಣಪತ್ರ, ಆರೋಗ್ಯ ವಿಮೆ, ಮತ್ತು ಖರ್ಚಿಗೆ ಹಣವಿದೆ ಎಂಬುದಕ್ಕೆ ಆಧಾರ. ಈ ಮೊತ್ತವನ್ನು 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 11,904 ಯೂರೋ ಎಂದು ನಿಗದಿಪಡಿಸಿದರು. ಅದು ಶುಲ್ಕವಲ್ಲ, ವಿದ್ಯಾರ್ಥಿಯ ಹೆಸರಿನ ಖಾತೆಯಲ್ಲಿದ್ದು ತಿಂಗಳು ತಿಂಗಳು ಅವಳ ಊಟ, ಬಾಡಿಗೆಗೆ ಸಿಗುವ ಹಣ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಂಥ ಕೆಲವೆಡೆ ಬಿಟ್ಟರೆ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಈಗ ಭಾಗಾಕಾರ ಮಾಡಿ: ಗ್ರೀಸಿನ ಅತಿ ಕಡಿಮೆ ದರವಾದ ಎರಡೂವರೆ ಲಕ್ಷ ಯೂರೋವನ್ನು 11,904ರಿಂದ ಭಾಗಿಸಿದರೆ ಬರುವ ಉತ್ತರ 21. ಒಂದು ಮನೆಯ ಹಣ ಇಪ್ಪತ್ತೊಂದು ವರ್ಷದ ಓದಿನ ಖರ್ಚಿಗೆ ಸಮ! ಜರ್ಮನಿಯಲ್ಲಿ ಪದವಿ ಮುಗಿಸಿದವರಿಗೆ ಕೆಲಸ ಹುಡುಕಲು ಹದಿನೆಂಟು ತಿಂಗಳ ಕಾಲಾವಕಾಶವೂ ಉಂಟು. ಕೆಲಸ ಸಿಕ್ಕರೆ ಕಾಯಂ ವಾಸದ ದಾರಿ ಅಲ್ಲಿಂದ ತೆರೆಯುತ್ತದೆ.

ಹಾಗೆಂದು ಮನೆ ಕೊಳ್ಳುವವರೆಲ್ಲ ದಡ್ಡರೆಂದಲ್ಲ. ಹೊರದೇಶದಲ್ಲಿ ವ್ಯವಹಾರ ಇರುವವರಿಗೆ, ಕಳೆದುಕೊಂಡರೂ ಮನೆ ಮುಳುಗದಷ್ಟು ಉಳ್ಳವರಿಗೆ ಅದು ಒಂದು ಅನುಕೂಲ. ಇದ್ದ ಒಂದು ಸೈಟನ್ನು ಮಾರಿ ಹೊರಡುವವರ ಮಾತು ಬೇರೆ. ಸಹಿ ಹಾಕುವ ಮುನ್ನ ಅವರು ಐದು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಲಿ. ಸಿಗುವುದು ವಾಸದ ಅನುಮತಿಯೋ ಪೌರತ್ವವೋ? ಅದು ಎಷ್ಟು ವರ್ಷಕ್ಕೆ, ಯಾವ ಷರತ್ತಿಗೆ? ಮಗನಿಗೆ ಇಪ್ಪತ್ತೊಂದು ತುಂಬಿದರೆ ಅವನ ಹಕ್ಕು ಏನಾಗುತ್ತದೆ? ಮನೆ ಮಾರಿದರೆ ಅನುಮತಿ ಉಳಿಯುತ್ತದೆಯೇ? ಕಾನೂನು ನಡುವೆ ಬದಲಾದರೆ ಹಾಕಿದ ಅರ್ಜಿಯ ಗತಿಯೇನು? ಉತ್ತರಗಳನ್ನು ಆ ದೇಶದ ಸರ್ಕಾರ ಪ್ರಕಟಿಸಿದ ನಿಯಮಗಳ ಜೊತೆ ಹೋಲಿಸಿ, ತಮ್ಮದೇ ವಕೀಲರಿಗೆ ತೋರಿಸಲಿ. ಮಾರುವವರೇ ಕೊಡಿಸಿದ ವಕೀಲರು ಬೇಡ.

ಈ ಪ್ರಶ್ನೆಗಳನ್ನು ಕೇಳುವಾಗ ಮಗನನ್ನೋ ಮಗಳನ್ನೋ ಪಕ್ಕದಲ್ಲೇ ಕೂರಿಸಿಕೊಳ್ಳುವುದು ಒಳ್ಳೆಯದು. ಯಾವ ಊರಿನಲ್ಲಿ ಏನು ಓದಬೇಕೆಂದು ಅವರಿಗೆ ಇನ್ನೂ ತಿಳಿಯದಿದ್ದರೆ ಮನೆಯ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ತಿಳಿದಿದ್ದರೆ, ಆ ಓದಿಗೆ ತಗಲುವ ಖರ್ಚಿನ ಪಟ್ಟಿಯನ್ನು ಅವರ ಕೈಯಲ್ಲೇ ಬರೆಯಿಸಿ. ಸೈಟು ಮಾರುವ ಅಗತ್ಯ ಇದೆಯೇ ಇಲ್ಲವೇ ಎಂಬುದು ಆ ಪಟ್ಟಿಯ ಕೊನೆಯ ಸಾಲಿನಲ್ಲಿ ಗೊತ್ತಾಗುತ್ತದೆ.