ಬೋರ್ ಮಾಡಿಸಿದರೂ ಆಯಿಲ್ ಕುಡಿಯುವ ಇಂಜಿನ್

ತೋಟಕ್ಕೆ ನೀರೆತ್ತುವ ನನ್ನ 5 ಎಚ್‌ಪಿ ಡೀಸೆಲ್ ಇಂಜಿನಿಗೆ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಿದ್ದಾಯಿತು. ಆದರೂ ನೀಲಿ ಹೊಗೆ ನಿಲ್ಲಲಿಲ್ಲ. "ರಿಂಗ್ ಡೂಪ್ಲಿಕೇಟ್ ಇರ್ಬೇಕು" ಅಂದರು ಹಲವರು. ಹೆಡ್ ಬಿಚ್ಚಿ ನೋಡಿದರೆ ಸಿಲಿಂಡರಿನ ಒಳಮೈ ಕೆಲವೆಡೆ ಉಜ್ಜಿ ಹೊಳೆಯುತ್ತಿತ್ತು. ಕೆಲವೆಡೆ ಹೋನಿಂಗ್ ಗೆರೆ ಹಾಗೇ ಉಳಿದಿತ್ತು. ಅಂದರೆ ಅಲ್ಲಿಗೆ ರಿಂಗ್ ತಾಗುತ್ತಲೇ ಇರಲಿಲ್ಲ.

ಬೋರ್ ಮಾಡುವಾಗ ಹೆಡ್ ಇರುವುದಿಲ್ಲ; ಸಿಲಿಂಡರ್ ಸರಿಯಾಗಿ ಗುಂಡಗಿರುತ್ತದೆ. ಹೆಡ್ ಕೂರಿಸಿ ಬೋಲ್ಟ್ ಬಿಗಿದಾಗ ಎರಕದ ಕಬ್ಬಿಣವೂ ತುಸು ಎಳೆದುಕೊಂಡು ಆಕಾರ ಕೆಡುತ್ತದೆ. ವ್ಯತ್ಯಾಸ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಕಣ್ಣಿಗೆ ಕಾಣದು. ಆದರೆ ರಿಂಗ್ ತಾಗದಲ್ಲಿ ಆಯಿಲ್ ಉಳಿದು, ಮೇಲೇರಿ ಉರಿದುಹೋಗುತ್ತದೆ.

ಪರಿಹಾರ ಇದೆ. ಹೆಡ್ಡಿನ ಜಾಗದಲ್ಲಿ ನಡುವೆ ತೂತಿರುವ ದಪ್ಪ ಕಬ್ಬಿಣದ ಪ್ಲೇಟನ್ನು ಗ್ಯಾಸ್ಕೆಟ್ ಸಮೇತ ಅಷ್ಟೇ ಬಿಗಿಯಾಗಿ ಕೂರಿಸಿ ಹೋನಿಂಗ್ ಮಾಡುವುದು. ಇದಕ್ಕೆ ಟಾರ್ಕ್ ಪ್ಲೇಟ್ ಎನ್ನುತ್ತಾರೆ. ಹೀಗೆ ಮಾಡಿದ ಸಿಲಿಂಡರ್ ಬೋಲ್ಟ್ ಬಿಗಿದಾಗಲೇ ಗುಂಡಗಿರುತ್ತದೆ. ಎರಡನೇ ಸಲ ಹೀಗೆ ಮಾಡಿಸಿದ ಮೇಲೆ ನನ್ನ ಇಂಜಿನಿನ ಹೊಗೆ ನಿಂತಿತು.

ವರ್ಕ್‌ಶಾಪಿಗೆ ಕೊಡುವ ಮುನ್ನ ಕೇಳಿ:
* ಟಾರ್ಕ್ ಪ್ಲೇಟ್ ಇದೆಯೇ?
* ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಡಯಲ್ ಗೇಜಿನಿಂದ ಅಳೆದು ಬರೆದು ಕೊಡುತ್ತಾರೆಯೇ?
* ಹೆಡ್ ಬೋಲ್ಟನ್ನು ಎದುರು ಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ಸ್ಪ್ಯಾನರಿನಿಂದ ಬಿಗಿಯುತ್ತಾರೆಯೇ?

ನೀರು ಸುತ್ತುವ ಜಾಗದ ಸುಣ್ಣದ ಪದರವನ್ನೂ ತೆಗೆಸಿ. ಒಂದು ಬದಿ ಹೆಚ್ಚು ಕಾದರೂ ಸಿಲಿಂಡರಿನ ಆಕಾರ ಕೆಡುತ್ತದೆ. ಮತ್ತೊಂದು ಸೆಟ್ ರಿಂಗ್ ಕೊಳ್ಳುವ ಮೊದಲು ಇಷ್ಟು ನೋಡಿಕೊಂಡರೆ ದುಡ್ಡು ಉಳಿದೀತು.