ರಕ್ತದ ಕ್ಯಾನ್ಸರ್ ಪತ್ತೆಯಲ್ಲಿ ಅಸ್ಥಿಮಜ್ಜೆಯ ವರ್ಣಪರೀಕ್ಷೆಗಳು: ಆರೋಗ್ಯ ಸಿಬ್ಬಂದಿ ಹಾಗೂ ಸಾರ್ವಜನಿಕರ ಮಾಹಿತಿಗಾಗಿ

ರಕ್ತಕಣಗಳು ಉತ್ಪತ್ತಿಯಾಗುವುದು ಎಲುಬಿನೊಳಗಿನ ಅಸ್ಥಿಮಜ್ಜೆಯಲ್ಲಿ. ತೀವ್ರ ಸ್ವರೂಪದ ರಕ್ತದ ಕ್ಯಾನ್ಸರಿನಲ್ಲಿ ಬ್ಲಾಸ್ಟ್ ಎಂಬ ಅಪಕ್ವ ಕೋಶಗಳು ಅಲ್ಲಿ ಮಿತಿಮೀರಿ ಬೆಳೆಯುತ್ತವೆ. ವಾಸಿಯಾಗದ ಜ್ವರ, ರಕ್ತಹೀನತೆ, ಒಸಡಿನ ರಕ್ತಸ್ರಾವಗಳೊಂದಿಗೆ ರಕ್ತಪರೀಕ್ಷೆಯೂ ಸಂಶಯ ಮೂಡಿಸಿದಾಗ, ಸೊಂಟದ ಎಲುಬಿನಿಂದ ಮಜ್ಜೆಯನ್ನು ತೆಗೆದು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಹರಡಲಾಗುತ್ತದೆ.

ಮೊದಲ ಹಂತ: ಬಣ್ಣ ಹಾಕದ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ಮೊದಲು ಲೀಶ್‌ಮನ್ ಅಥವಾ ಗೀಮ್ಸಾ ದ್ರಾವಣವನ್ನು ಬಳಸಲಾಗುತ್ತದೆ. ಇದರಿಂದ ಕೋಶಕೇಂದ್ರವು ನೇರಳೆ ಬಣ್ಣಕ್ಕೆ ತಿರುಗಿ, ಕೋಶಗಳ ಎಣಿಕೆ ಸಾಧ್ಯವಾಗುತ್ತದೆ. ಬ್ಲಾಸ್ಟ್‌ಗಳ ಪ್ರಮಾಣ ಶೇ. 20 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಸಾಮಾನ್ಯವಾಗಿ ತೀವ್ರ ರಕ್ತದ ಕ್ಯಾನ್ಸರ್ ಎಂದು ಪರಿಗಣಿಸಲಾಗುತ್ತದೆ.

ಎರಡನೆಯ ಹಂತ: ಬ್ಲಾಸ್ಟ್‌ಗಳು ಮೈಲಾಯ್ಡ್ ವರ್ಗದವೋ ಲಿಂಫಾಯ್ಡ್ ವರ್ಗದವೋ ಎಂಬುದನ್ನು ತಿಳಿಯುವುದು ಅತ್ಯಗತ್ಯ, ಎರಡಕ್ಕೂ ಚಿಕಿತ್ಸೆ ಬೇರೆ. ಮೈಲೋಪೆರಾಕ್ಸಿಡೇಸ್ ಪರೀಕ್ಷೆಯಲ್ಲಿ ಶೇ. 3 ಅಥವಾ ಹೆಚ್ಚು ಬ್ಲಾಸ್ಟ್‌ಗಳು ಬಣ್ಣ ತಾಳಿದರೆ ರೋಗವು ಮೈಲಾಯ್ಡ್ ವರ್ಗದ್ದೆಂದು ತಿಳಿಯಲಾಗುತ್ತದೆ. ಸುಡಾನ್ ಬ್ಲ್ಯಾಕ್ ಬಿ ಪರೀಕ್ಷೆಯೂ ಇದನ್ನೇ ಸೂಚಿಸುತ್ತದೆ. ಪಿ.ಎ.ಎಸ್. ಪರೀಕ್ಷೆಯಲ್ಲಿ ಗಾಢ ಗುಲಾಬಿ ಬಣ್ಣದ ಮುದ್ದೆಗಳು ಕಂಡರೆ ಲಿಂಫಾಯ್ಡ್ ವರ್ಗದ ಸಂಶಯ ಬಲಗೊಳ್ಳುತ್ತದೆ. ಮಾನೋಸೈಟ್ ಮೂಲದ ಕೋಶಗಳನ್ನು ಎಸ್ಟರೇಸ್ ಪರೀಕ್ಷೆಯು ಗುರುತಿಸುತ್ತದೆ.

ಅಂತಿಮ ನಿರ್ಣಯಕ್ಕೆ ಇಂದು ಫ್ಲೋ ಸೈಟೋಮೆಟ್ರಿ ಹಾಗೂ ವಂಶವಾಹಿ ಪರೀಕ್ಷೆಗಳು ಅವಶ್ಯ. ಆದರೂ ಮೊದಲ ಸುಳಿವು ನೀಡುವುದು ಸ್ಲೈಡೇ. ಕೋಶದೊಳಗೆ ಸೂಜಿಯಂತಹ ಕಡ್ಡಿಗಳು ಕಟ್ಟುಕಟ್ಟಾಗಿ ಕಂಡಲ್ಲಿ ಅದು ತೀವ್ರ ಪ್ರೋಮೈಲೋಸೈಟಿಕ್ ಲ್ಯುಕೇಮಿಯ ಆಗಿರುವ ಸಂಭವ ಹೆಚ್ಚು. ಇದರಲ್ಲಿ ಮಾರಕ ರಕ್ತಸ್ರಾವದ ಭಯವಿರುವುದರಿಂದ, ವಂಶವಾಹಿ ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸಲಾಗುತ್ತದೆ.

ಸಿಬ್ಬಂದಿ ಗಮನಿಸಬೇಕಾದ ಅಂಶಗಳು: ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ಉನ್ನತ ಕೇಂದ್ರಗಳಿಗೆ ಸ್ಲೈಡ್ ಕಳುಹಿಸುವಾಗ,
1. ಸ್ಲೈಡನ್ನು ಗಾಳಿಯಲ್ಲಿ ಪೂರ್ಣವಾಗಿ ಒಣಗಿಸಿ, ರೋಗಿಯ ಹೆಸರು, ಸಂಖ್ಯೆ ಮತ್ತು ದಿನಾಂಕವನ್ನು ಪೆನ್ಸಿಲ್‌ನಿಂದ ಬರೆಯತಕ್ಕದ್ದು.
2. ಬಣ್ಣ ಹಾಕದ ಕೆಲವು ಸ್ಲೈಡುಗಳನ್ನು ಜೊತೆಗಿರಿಸತಕ್ಕದ್ದು.
3. ವಿಳಂಬ ಮಾಡಬಾರದು, ಸ್ಲೈಡ್ ಹಳೆಯದಾದಂತೆ ಮೈಲೋಪೆರಾಕ್ಸಿಡೇಸ್ ಕಿಣ್ವವು ಕ್ಷೀಣಿಸುತ್ತದೆ.
4. ಫಾರ್ಮಲಿನ್ ಬಾಟಲಿಯೊಂದಿಗೆ ಒಂದೇ ಪೆಟ್ಟಿಗೆಯಲ್ಲಿ ಇಡಬಾರದು. ಅದರ ಆವಿಯಿಂದ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಸ್ಲೈಡ್ ಕೆಟ್ಟರೆ ರೋಗಿಯ ಎಲುಬಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಗುತ್ತದೆ. ಚಿಕಿತ್ಸೆಯ ಅಮೂಲ್ಯ ದಿನಗಳೂ ಕಳೆದುಹೋಗುತ್ತವೆ. ಆದ್ದರಿಂದ ಮೇಲ್ಕಂಡ ಕ್ರಮಗಳನ್ನು ತಪ್ಪದೆ ಪಾಲಿಸುವುದು.